ಒಂದು ಆರ್ಡರ್, ಎರಡು ಲೆಕ್ಕ

ಹೋದ ಮಳೆಗಾಲದ ಒಂದು ರಾತ್ರಿ ಅಡುಗೆಗೆ ಬೇಜಾರಾಗಿ ಫೋನಿನಲ್ಲೇ ಎರಡು ಸೆಟ್ ದೋಸೆ ತರಿಸಿದೆ. ಮೆನುವಿನಲ್ಲಿ ಕಂಡ ಬೆಲೆ 140 ರೂಪಾಯಿ. ಹಣ ಕಟ್ಟುವ ಹೊತ್ತಿಗೆ ಅದು 208 ಆಗಿತ್ತು. ನಡುವೆ ಏನು ಸೇರಿತೆಂದು ತಿಳಿಯಲು ಮೂಲೆಯಲ್ಲಿದ್ದ ಸಣ್ಣದೊಂದು ಬಾಣದ ಗುರುತು ಒತ್ತಬೇಕು. ಒತ್ತಿದೆ. ಪ್ಯಾಕಿಂಗ್ 15, ಪ್ಲಾಟ್‌ಫಾರಂ ಶುಲ್ಕ 12, ಡೆಲಿವರಿ 25, ತೆರಿಗೆ 14. ಕೊನೆಯ ಸಾಲಿನಲ್ಲಿ ದೇಣಿಗೆ 2 ರೂಪಾಯಿ. ಅದರ ಪಕ್ಕದ ಚೌಕದಲ್ಲಿ ನಾನು ಹಾಕದ ಟಿಕ್ ಮಾರ್ಕು ಆಗಲೇ ಬಂದು ಕೂತಿತ್ತು.

ಮುಕ್ಕಾಲು ಗಂಟೆಯಾದ ಮೇಲೆ ತೊಯ್ದು ತೊಪ್ಪೆಯಾಗಿ ಗೇಟಿನಲ್ಲಿ ನಿಂತ ಹುಡುಗ ವಿಜಯಪುರದ ಕಡೆಯವನು. ಈ ಆರ್ಡರಿಗೆ ನಿಮಗೆಷ್ಟು ಬರುತ್ತೆ ಎಂದು ಕೇಳಿದೆ. ಅಂಗಿಯ ತುದಿಗೆ ಒರೆಸಿಕೊಂಡು ಫೋನನ್ನೇ ನನ್ನ ಕಡೆ ತಿರುಗಿಸಿದ: 31 ರೂಪಾಯಿ. "ಮೊನ್ನೆ ಇಷ್ಟ ದೂರಕ್ಕ 38 ಬಂದಿತ್ರೀ ಸರ್. ಹೆಂಗ ಲೆಕ್ಕ ಹಾಕ್ತಾರೋ ಏನೋ. ನಮ್ಮ ದೋಸ್ತಂದಂತೂ ಐಡೀನ ಬ್ಲಾಕ್ ಮಾಡ್ಯಾರ. ಯಾಕಂತ ಕೇಳಾಕ ಮನಷ್ಯಾರ ಇಲ್ಲ, ಚಾಟಿನ್ಯಾಗ ಮಷೀನ್ ಉತ್ತರ ಕೊಡ್ತೈತಿ."

ನನ್ನ 208 ಅವನಿಗೆ ಕಾಣದು, ಅವನ 31 ನನಗೆ ಕಾಣದು. ಎರಡನ್ನೂ ಒಟ್ಟಿಗೆ ನೋಡಬಲ್ಲದ್ದು ನಡುವೆ ಕೂತ ಕಂಪನಿ ಮಾತ್ರ. ಅದರ ಅರ್ಧ ಬಲ ಇರುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಈಚಿನ ಕಾಯ್ದೆಗಳು ಸುತ್ತಿ ಬಳಸಿ ಹೇಳುತ್ತಿರುವುದೂ ಒಂದೇ ಮಾತು: ಲೆಕ್ಕ ತೋರಿಸು. ಆ ಮಾತು ನೆಲದ ಮೇಲೆ ಹೇಗೆ ಕೆಲಸ ಮಾಡುತ್ತದೆ ನೋಡೋಣ.

ಮೊದಲು ಹುಡುಗನ ಕಡೆಯ ಲೆಕ್ಕ. ಆ್ಯಪ್ ಮೂಲಕ ಕೆಲಸ ಪಡೆಯುವವರಿಗಾಗಿ ದೇಶದಲ್ಲಿ ಮೊದಲು ಕಾಯ್ದೆ ಮಾಡಿದ್ದು ರಾಜಸ್ಥಾನ, 2023ರಲ್ಲಿ. ಕರ್ನಾಟಕ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಆಗಸ್ಟ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದು, ಸೆಪ್ಟೆಂಬರ್‌ನಲ್ಲಿ ಅದನ್ನು ಕಾಯ್ದೆಯಾಗಿಸಿತು. ಊಟ, ದಿನಸಿ, ಪಾರ್ಸೆಲ್ ತಲುಪಿಸುವವರು, ಟ್ಯಾಕ್ಸಿ ಓಡಿಸುವವರು, ಮನೆಗೆ ಬಂದು ರಿಪೇರಿ ಮಾಡುವವರು, ಹೀಗೆ ಗಿಗ್ ಕಾರ್ಮಿಕರೆನಿಸಿಕೊಂಡ ಹಲವು ಬಗೆಯವರು ಅದರಡಿ ಬರುತ್ತಾರೆ.

ಈ ಕಾಯ್ದೆಯ ಯಂತ್ರ ಓಡುವುದು 'ಕಲ್ಯಾಣ ಶುಲ್ಕ'ದಿಂದ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಟ್ಟ ಹಣದ ಮೇಲೆ ಶೇ 1ರಿಂದ ಶೇ 5ರವರೆಗೆ, ಸರ್ಕಾರ ಗೊತ್ತು ಮಾಡಿದ ದರದಲ್ಲಿ, ಕಂಪನಿ ಈ ಶುಲ್ಕ ಕಟ್ಟಬೇಕು. ನನ್ನ ದೋಸೆಗೇ ಹಚ್ಚಿ ನೋಡಿದರೆ 31 ರೂಪಾಯಿಗೆ ಕಡಿಮೆಯೆಂದರೆ 31 ಪೈಸೆ, ಹೆಚ್ಚೆಂದರೆ ಒಂದೂವರೆ ರೂಪಾಯಿಯ ಆಸುಪಾಸು. ಹೀಗೆ ಕೂಡಿದ ಹಣ ಕಲ್ಯಾಣ ಮಂಡಳಿಯ ನಿಧಿಗೆ ಹೋಗಿ ವಿಮೆಯಂಥ ಸಾಮಾಜಿಕ ಭದ್ರತೆಯ ಯೋಜನೆಗಳಿಗೆ ಬಳಕೆಯಾಗಬೇಕು. ಈ ಪೈಸೆಗಳನ್ನು ಇನ್ನೊಂದು ಹೆಸರಿನ ಸಾಲಾಗಿ ನಾಳೆ ನನ್ನ ಬಿಲ್ಲಿಗೇ ಸೇರಿಸಿಬಿಡುತ್ತಾರೇನೋ ಎಂಬ ಗುಮಾನಿ ನನಗಂತೂ ಇದ್ದೇ ಇದೆ.

ಶುಲ್ಕಕ್ಕಿಂತ ಅದನ್ನು ಲೆಕ್ಕ ಹಿಡಿಯುವ ಬಗೆ ನನಗೆ ದೊಡ್ಡದಾಗಿ ಕಾಣುತ್ತದೆ. ಕಂಪನಿ ಕಾರ್ಮಿಕರಿಗೆ ಮಾಡುವ ಪಾವತಿ ಮತ್ತು ಅದರ ಮೇಲಿನ ಶುಲ್ಕ ಎರಡೂ ಸರ್ಕಾರ ನೋಡಬಹುದಾದ ಒಂದು ಪರಿಶೀಲನಾ ವ್ಯವಸ್ಥೆಯಲ್ಲಿ ದಾಖಲಾಗಬೇಕು. ನಮ್ಮಲ್ಲಿ ಎಷ್ಟು ಜನ ದುಡಿಯುತ್ತಾರೆ, ಅವರಿಗೆ ಎಷ್ಟು ಕೊಡುತ್ತೇವೆ ಎಂಬುದು ಈವರೆಗೆ ಕಂಪನಿ ಹೇಳಿದಷ್ಟೇ ಆಗಿತ್ತು. ಈಗ ಕಾರ್ಮಿಕರ ಪಟ್ಟಿಯನ್ನು ಕಂಪನಿಯೇ ಮಂಡಳಿಗೆ ಕೊಡಬೇಕು, ಪ್ರತಿಯೊಬ್ಬರಿಗೂ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಬರಬೇಕು. ಮಧ್ಯಾಹ್ನ ಒಂದು ಆ್ಯಪು, ರಾತ್ರಿ ಇನ್ನೊಂದು ಆ್ಯಪಿನಲ್ಲಿ ಲಾಗಿನ್ ಆಗುವವರೇ ಹೆಚ್ಚಿರುವಾಗ ಈ ಸಂಖ್ಯೆಯ ಬೆಲೆ ಗೊತ್ತಾಗುತ್ತದೆ.

ಇನ್ನು ದೋಸ್ತನ ಐಡಿ. ಕೆಲವು ಸಂದರ್ಭಗಳನ್ನು ಬಿಟ್ಟರೆ, ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿ 14 ದಿನ ಮೊದಲೇ ನೋಟಿಸ್ ಕೊಡದೆ ಯಾರನ್ನೂ ತೆಗೆಯುವಂತಿಲ್ಲ. ಕರಾರಿನ ಷರತ್ತು ಬದಲಾಯಿಸುವುದಕ್ಕೂ 14 ದಿನದ ನೋಟಿಸ್ ಬೇಕು. ಕರಾರು ಸರಳ ಭಾಷೆಯಲ್ಲಿರಬೇಕು; ಕನ್ನಡದಲ್ಲೋ ಕಾರ್ಮಿಕನಿಗೆ ಗೊತ್ತಿರುವ ಇನ್ನೊಂದು ಭಾಷೆಯಲ್ಲೋ ಸಿಗಬೇಕು. ಕೆಲಸ ಹಂಚುವುದು, ರೇಟಿಂಗ್ ಕೊಡುವುದು, ಗಳಿಕೆ ಲೆಕ್ಕ ಹಾಕುವುದು ಇವೆಲ್ಲ ಸಾಫ್ಟ್‌ವೇರಿನಿಂದ ಆಗುವುದಾದರೆ ಅದು ಯಾವುದನ್ನು ನೋಡಿ ತೀರ್ಮಾನಿಸುತ್ತದೆಂದು ಕೇಳಿ ತಿಳಿಯುವ ಹಕ್ಕು ಕಾರ್ಮಿಕನಿಗಿದೆ. ಮೊನ್ನೆ 38, ಇವತ್ತು 31 ಯಾಕೆ ಎಂಬ ಪ್ರಶ್ನೆಗೆ ಕಾಯ್ದೆಯಲ್ಲಿ ಜಾಗ ಸಿಕ್ಕಂತಾಯಿತು.

ಆದರೆ ಕೇಳುವವನ ಕೈಯಲ್ಲಿ ಏನಾದರೂ ಇರಬೇಕಲ್ಲ. ವಾರದ ಪೇಔಟ್ ಪುಟ, ಕಡಿತದ ಸಾಲು, ಬ್ಲಾಕ್ ಆದ ದಿನದ ಸಂದೇಶ, ಎಲ್ಲದರ ಸ್ಕ್ರೀನ್‌ಶಾಟ್ ಆ್ಯಪಿನ ಹೊರಗೆ ಇಟ್ಟುಕೊಳ್ಳಬೇಕು. ಐಡಿ ಹೋದ ಕ್ಷಣವೇ ಹಳೆಯ ದಾಖಲೆಯ ಬಾಗಿಲೂ ಮುಚ್ಚಿರುತ್ತದೆ. ಕಾಯ್ದೆ ಮುರಿದವರಿಗೆ ದಂಡ 5,000 ರೂಪಾಯಿಯಿಂದ ಶುರುವಾಗಿ ಒಂದು ಲಕ್ಷದವರೆಗೆ ಹೋಗುತ್ತದೆ. ದೊಡ್ಡ ಕಂಪನಿಯ ಜಾಹೀರಾತು ವಿಭಾಗದ ಕಾಫಿ ಖರ್ಚಿಗೂ ಅದು ಸಾಲದು. ಕಾಯ್ದೆಯ ಹಲ್ಲು ಇಲ್ಲಿ ಸವೆದಿದೆ ಎಂದೇ ನನ್ನ ಅಭಿಪ್ರಾಯ.

ಕೇಂದ್ರದ್ದು ಬೇರೆ ದಾರಿ. 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಅದು ಕಂಪನಿಯ ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟನ್ನು ಕೇಳುತ್ತದೆ. ಕಾರ್ಮಿಕರಿಗೆ ಕೊಟ್ಟ ಮೊತ್ತದ ಶೇ 5 ಅದರ ಮೇಲ್ಮಿತಿ. ರಾಜ್ಯದ್ದು ಒಂದೊಂದು ಆರ್ಡರಿನ ಲೆಕ್ಕ, ಕೇಂದ್ರದ್ದು ವರ್ಷದ ಲೆಕ್ಕ.

ಇವರು ನೌಕರರೇ? ಈ ಮೂಲ ಪ್ರಶ್ನೆಗೆ ರಾಜ್ಯದ ಕಾಯ್ದೆಯಾಗಲಿ ಕೇಂದ್ರದ ಸಂಹಿತೆಯಾಗಲಿ ಹೌದು ಅನ್ನುವುದಿಲ್ಲ. ಆದ್ದರಿಂದ ಪಿಎಫ್, ಗ್ರಾಚ್ಯುಟಿಗಳ ಮಾತೇ ಇಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಉಬರ್ ಚಾಲಕರ ಪ್ರಕರಣವನ್ನು ಬೇರೆ ಕಡೆಯಿಂದ ನೋಡಿತು. ಬಾಡಿಗೆ ನಿಗದಿ ಮಾಡುವವರು ಯಾರು, ಷರತ್ತು ಬರೆಯುವವರು ಯಾರು, ಟ್ರಿಪ್ ಬೇಡ ಅಂದರೆ ಶಿಕ್ಷಿಸುವವರು ಯಾರು ಎಂದು ಕೇಳಿತು. ಎಲ್ಲಕ್ಕೂ ಉತ್ತರ ಕಂಪನಿಯೇ ಆದ್ದರಿಂದ, ಕನಿಷ್ಠ ವೇತನ ಮತ್ತು ಸಂಬಳ ಸಹಿತ ರಜೆಗೆ ಅರ್ಹರಾದ ಕೆಲಸಗಾರರು ಇವರು ಎಂದು ತೀರ್ಪು ಕೊಟ್ಟಿತು. ನಮ್ಮಲ್ಲಿ ಇನ್ನೂ 'ಪಾರ್ಟ್‌ನರ್', 'ಕ್ಯಾಪ್ಟನ್' ಎಂಬ ಬಿರುದುಗಳೇ ನಡೆಯುತ್ತಿವೆ. ದರ ಇನ್ನೊಬ್ಬರು ಬರೆಯುವ ಹಡಗಿಗೆ ಇವನೆಂಥ ಕ್ಯಾಪ್ಟನ್ನೋ.

ಈ ಬಿರುದಿನ ಒಳಗುಟ್ಟು ಬಯಲಾದದ್ದು ಗ್ರಾಹಕರ ಪ್ರಕರಣವೊಂದರಲ್ಲಿ. '5 ನಿಮಿಷದಲ್ಲಿ ಆಟೊ, ಇಲ್ಲವಾದರೆ 50 ರೂಪಾಯಿ' ಎಂದು ಬೆಂಗಳೂರಿನ ರ‍್ಯಾಪಿಡೊ ಕಂಪನಿ ಜಾಹೀರಾತು ಮಾಡಿತ್ತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ವಿಚಾರಿಸಿದಾಗ ಆ 50 ರೂಪಾಯಿ ರೂಪಾಯಿಯೇ ಆಗಿರಲಿಲ್ಲ. 50ರವರೆಗಿನ 'ಕಾಯಿನ್' ಆಗಿತ್ತು. ಅದನ್ನು ಬೈಕ್ ಸವಾರಿಗೆ ಮಾತ್ರ ಬಳಸಬೇಕು, ಅದೂ ಏಳು ದಿನದೊಳಗೆ. ಇನ್ನೂ ಸೋಜಿಗದ್ದು ಷರತ್ತುಗಳಲ್ಲಿತ್ತು: ಈ ಭರವಸೆ ಕೊಡುತ್ತಿರುವುದು ಆಯಾ ಕ್ಯಾಪ್ಟನ್, ಕಂಪನಿಯಲ್ಲ! ಜಾಹೀರಾತಿನ ದಪ್ಪಕ್ಷರ ಕಂಪನಿಯದು, ಹೊಣೆ ಆಟೊದವನದು. 2025ರ ಆಗಸ್ಟ್‌ನಲ್ಲಿ ಪ್ರಾಧಿಕಾರ 10 ಲಕ್ಷ ರೂಪಾಯಿ ದಂಡ ಹಾಕಿ, 50 ರೂಪಾಯಿ ಸಿಗದ ಗ್ರಾಹಕರಿಗೆ ಹಣ ಹಿಂದಿರುಗಿಸಲು ಹೇಳಿತು. ಕೆಲಸಗಾರನ ಪ್ರಶ್ನೆ ಬೇರೆ, ಗ್ರಾಹಕನ ಪ್ರಶ್ನೆ ಬೇರೆ ಎನ್ನುವವರು ಆ ಷರತ್ತನ್ನೊಮ್ಮೆ ಓದಬೇಕು.

ಈ ಪ್ರಾಧಿಕಾರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೂಸು. ಒಬ್ಬೊಬ್ಬರ ದೂರಿಗೆ ಕಾಯದೆ ಇಡೀ ಗ್ರಾಹಕ ಸಮೂಹದ ಪರವಾಗಿ ತಾನೇ ಕೈಗೆತ್ತಿಕೊಳ್ಳಬಲ್ಲದು. 2023ರ ನವೆಂಬರ್ 30ರಂದು ಇದು ಹೊರಡಿಸಿದ ಮಾರ್ಗಸೂಚಿಯಲ್ಲಿ 'ಡಾರ್ಕ್ ಪ್ಯಾಟರ್ನ್' ಎಂಬ 13 ಬಗೆಯ ಕಣ್ಕಟ್ಟುಗಳ ಪಟ್ಟಿಯಿದೆ. ಕೇಳದೆ ಬುಟ್ಟಿಗೆ ವಸ್ತುವನ್ನೋ ದೇಣಿಗೆಯನ್ನೋ ತುರುಕುವುದು ಅದರಲ್ಲೊಂದು, ನನ್ನ 2 ರೂಪಾಯಿಯ ಹಾಗೆ. ಬೆಲೆಯನ್ನು ಕೊನೆಯ ಪುಟದವರೆಗೆ ಹನಿಹನಿಯಾಗಿ ಏರಿಸುವುದು ಇನ್ನೊಂದು. ಸೇರುವುದು ಒಂದೇ ಒತ್ತಿಗೆ, ಬಿಡುವುದಕ್ಕೆ ಏಳು ಸುತ್ತಿನ ಕೋಟೆ, ಇದು ಚಂದಾದಾರಿಕೆಯ ಬಲೆ. ನಿಮ್ಮ ವೇದಿಕೆಯಲ್ಲಿ ಇಂಥವು ಇವೆಯೇ, ಮೂರು ತಿಂಗಳಲ್ಲಿ ನೀವೇ ಪರಿಶೀಲಿಸಿಕೊಳ್ಳಿ ಎಂದು 2025ರ ಜೂನ್‌ನಲ್ಲಿ ಪ್ರಾಧಿಕಾರ ಕಂಪನಿಗಳಿಗೆ ಹೇಳಿತು. ಪರೀಕ್ಷೆ ಬರೆದವನಿಗೇ ಉತ್ತರಪತ್ರಿಕೆ ತಿದ್ದಲು ಕೊಟ್ಟಂತೆ.

ನಿಮ್ಮದೇ ದುಡ್ಡು ವಾಪಸು ಬರಬೇಕಾದರೆ ಮೊದಲ ಮೆಟ್ಟಿಲು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡುವವರಲ್ಲ, ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ತರಿಸುವವರು. ಸಣ್ಣಪುಟ್ಟ ಮೊತ್ತಗಳು ಅಲ್ಲೇ ಬಗೆಹರಿಯುವುದುಂಟು. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 50 ಲಕ್ಷದವರೆಗಿನ ಪ್ರಕರಣಗಳು ಅಲ್ಲಿಗೆ ಬರುತ್ತವೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಕಂಪನಿಯ ಕಚೇರಿ ಗುರುಗ್ರಾಮದಲ್ಲಿದ್ದರೂ ನೀವು ಹಾವೇರಿಯವರಾದರೆ ಹಾವೇರಿಯಲ್ಲೇ ದೂರು ಹಾಕಬಹುದು. ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ವಕೀಲರು ಬೇಕೇ ಬೇಕೆಂದಿಲ್ಲ. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು, ಅಷ್ಟೆ.

ಸಾಕ್ಷ್ಯದ ವಿಷಯದಲ್ಲಿ ಡೆಲಿವರಿ ಹುಡುಗನಿಗೆ ಹೇಳಿದ್ದೇ ನಿಮಗೂ ಅನ್ವಯ. ಹಣ ಕಟ್ಟಿದ ಮೇಲಿನ ರಸೀದಿ ಸಾಲದು. ಮೆನುವಿನ ಬೆಲೆ, ಬಿಚ್ಚಿಟ್ಟ ಬಿಲ್ಲು, ತಾನಾಗಿ ಬಿದ್ದ ಟಿಕ್, ಮೂರನ್ನೂ ಕಟ್ಟುವ ಮೊದಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ಆ್ಯಪಿನ ಪುಟ ನಾಳೆ ಬೇರೆ ರೂಪದಲ್ಲಿರುತ್ತದೆ.

ಆಯೋಗದ ನೋಟಿಸ್ ತಲುಪಿದ ಮೇಲೆ ಕಂಪನಿ ಉತ್ತರ ಕೊಡಲು 30 ದಿನ, ಕೇಳಿಕೊಂಡರೆ ಮತ್ತೆ 15. ಅದಕ್ಕಿಂತ ಒಂದು ದಿನವೂ ಹೆಚ್ಚಿಗೆ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2020ರಲ್ಲಿ ಹೇಳಿದೆ. 46ನೆಯ ದಿನ ಬಂದ ಉತ್ತರ, ಎಷ್ಟೇ ದೊಡ್ಡ ಕಂಪನಿಯದಾಗಿರಲಿ, ಕಡತ ಸೇರುವುದಿಲ್ಲ.