ನಂದಿ ತಪ್ಪಲಿನ ಕೆಂಪು ವೈನ್

ದೊಡ್ಡಬಳ್ಳಾಪುರದಿಂದ ನಂದಿ ಬೆಟ್ಟದ ಕಡೆಗೆ ಹೊರಟರೆ ರಸ್ತೆಯುದ್ದಕ್ಕೂ ದ್ರಾಕ್ಷಿ ತೋಟಗಳು ಎದುರಾಗುತ್ತವೆ. ‘ಬೆಂಗಳೂರು ನೀಲಿ’ ದ್ರಾಕ್ಷಿಗೆ ಹೆಸರಾದ ಈ ಸೀಮೆಯಲ್ಲಿ ಫ್ರಾನ್ಸಿನ ಕ್ಯಾಬರ್ನೆ ಸುವಿನ್ಯೋ, ಶಿರಾಜ್ ತಳಿಗಳೂ ಬೇರೂರಿವೆ. 1980ರ ದಶಕದಲ್ಲಿ ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರೆಂಚ್ ವೈನ್ ತಜ್ಞ ಜಾರ್ಜ್ ವೆಸೆಲ್ ನೆರವಿನೊಂದಿಗೆ ಈ ಪ್ರಯೋಗಕ್ಕೆ ಕೈಹಾಕಿದರು. ಮುಂದೆ ಬೋರ್ಡೋ ಸೀಮೆಯ ಮಿಶೆಲ್ ರೋಲಾಂ ಸಲಹೆಗಾರರಾದರು. ಗ್ರೋವರ್ ಅವರ ತೋಟದ ‘ಲಾ ರಿಸರ್ವ್’ ಆ ಎರಡು ತಳಿಗಳನ್ನು ಬೆರೆಸಿ, ಓಕ್ ಪೀಪಾಯಿಯಲ್ಲಿ ಮಾಗಿಸಿದ ವೈನ್. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿಯನ್ನೇ ತಂದಿತು. ಹೀಗಾಗಿ ಮನೆಗೆ ನಾಲ್ಕು ಜನ ಬರುವ ದಿನ ಒಳ್ಳೆಯ ಕೆಂಪು ವೈನ್‌ಗಾಗಿ ದೂರ ಹುಡುಕಬೇಕಿಲ್ಲ.

ಆಯ್ಕೆ ಅಡುಗೆಯಿಂದ ಶುರುವಾಗಲಿ. ಕೆಂಪು ವೈನನ್ನು ದ್ರಾಕ್ಷಿಯ ಸಿಪ್ಪೆಸಮೇತ ಹುದುಗಿಸುತ್ತಾರೆ. ಬಣ್ಣ ಬರುವುದು ಸಿಪ್ಪೆಯಿಂದ. ಟ್ಯಾನಿನ್ ಎಂಬ ಒಗರು ಸಿಪ್ಪೆ ಮತ್ತು ಬೀಜಗಳಿಂದ. ಹಾಲಿಲ್ಲದ ಕಡು ಚಹಾ ಕುಡಿದಂತೆ ಅದು ಒಸಡನ್ನು ಒಣಗಿಸುತ್ತದೆ. ಮಾಂಸದ ಪ್ರೋಟೀನು, ಕೊಬ್ಬು ಜೊತೆಯಾದರೆ ಆ ಒಗರು ಮೆತ್ತಗಾಗುತ್ತದೆ. ಆದ್ದರಿಂದ ಮಟನ್ ಚಾಪ್ಸ್‌ಗೆ ಗಟ್ಟಿ ಕ್ಯಾಬರ್ನೆ ಒಗ್ಗುತ್ತದೆ. ಖಾರ ಜಾಸ್ತಿಯಿದ್ದರೆ ಮಾತ್ರ ಟ್ಯಾನಿನ್, ಆಲ್ಕೋಹಾಲ್ ಎರಡೂ ಉರಿಯನ್ನು ಹೆಚ್ಚಿಸುತ್ತವೆ. ಅಂಥ ಊಟಕ್ಕೆ ಓಕ್ ಸೋಕದ, ಹಣ್ಣಿನ ರುಚಿ ಮುಂದಿರುವ, ಹಗುರ ಶಿರಾಜ್ ಮೇಲು. ಬಾಟಲಿಯ ಬಾಯಿಗೆ ಬಿರಡೆಯ ಬದಲು ತಿರುಪು ಮುಚ್ಚಳ ಇದ್ದರೆ ಅನುಮಾನ ಬೇಡ. ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ.

ನಮ್ಮ ಊರುಗಳಲ್ಲಿ ಹಲವರು ಎಡವುವುದು ಉಷ್ಣಾಂಶದಲ್ಲಿ. ಕೆಂಪು ವೈನ್ ಚೆನ್ನಾಗಿ ಅರಳುವುದು 16ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ ಕೋಣೆಗಳು ಅದಕ್ಕಿಂತ ಬಹಳ ಬೆಚ್ಚಗಿರುತ್ತವೆ. ಆ ಬಿಸಿಗೆ ಆಲ್ಕೋಹಾಲ್ ಮೂಗಿಗೆ ರಾಚಿ, ಹಣ್ಣಿನ ಪರಿಮಳ ಹಿಂದೆ ಸರಿಯುತ್ತದೆ. ಬಡಿಸುವ ಮೊದಲು ಬಾಟಲಿ ಅರ್ಧ ಗಂಟೆ ಫ್ರಿಜ್‌ನಲ್ಲಿರಲಿ.

ಲೋಟದ ಮೂರನೇ ಒಂದು ಪಾಲಷ್ಟೇ ಸುರಿಯಿರಿ. ಬಿಳಿ ಬಟ್ಟೆಯ ಮೇಲೆ ಲೋಟವನ್ನು ಓರೆಯಾಗಿ ಹಿಡಿದು ಅಂಚನ್ನು ನೋಡಿ: ನೇರಳೆ ಛಾಯೆ ಕಂಡರೆ ಎಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಮಾಗಿದ್ದು. ಮೆಲ್ಲಗೆ ತಿರುಗಿಸಿ ಮೂಸಿ. ಶಿರಾಜ್‌ನಲ್ಲಿ ಕರಿಮೆಣಸಿನ ವಾಸನೆ ಸಿಗಬಹುದು. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯಿಂದ ವೈನ್ ಕೆಟ್ಟಿದೆ ಎಂದರ್ಥ, ಅದನ್ನು ಬಡಿಸಬೇಡಿ. ಆಮೇಲೆ ಒಂದು ಸಣ್ಣ ಗುಟುಕು. ಅದನ್ನು ಬಾಯಿಯೆಲ್ಲ ಸುಳಿದಾಡಿಸಿ ನುಂಗಿ. ಹುಳಿ, ಒಗರು, ಹಣ್ಣು ಮೂರರಲ್ಲಿ ಯಾವುದೂ ಮಿಕ್ಕವನ್ನು ತುಳಿಯದೆ, ನುಂಗಿದ ಮೇಲೂ ರುಚಿ ನಿಂತರೆ ಅದು ಒಳ್ಳೆಯ ವೈನ್.

750 ಮಿಲಿ ಲೀಟರಿನ ಬಾಟಲಿ ಐದು ಲೋಟಕ್ಕೆ ಸಾಕು. ಪಕ್ಕದಲ್ಲಿ ನೀರಿರಲಿ, ಕುಡಿಯದವರಿಗೆ ತಾಜಾ ದ್ರಾಕ್ಷಿ ರಸವಿರಲಿ, ಕುಡಿದವರ ಕೈಗೆ ವಾಹನದ ಕೀಲಿ ಸಿಗದಿರಲಿ. ವೈನ್ ಇರುವುದು ನಿಧಾನವಾಗಿ ಸವಿಯುವುದಕ್ಕೆ. ಕೂಟಕ್ಕೆ ಕಳೆ ಬರುವುದೂ ಆ ನಿಧಾನದಿಂದಲೇ.