ಹಳೇ ಡೀಸೆಲ್ ಪಿಕಪ್ ಇದೆಯೇ? ವ್ಯಾಕ್ಯೂಮ್ ಹೋಸ್ ಬಿರುಕು ಬಿಟ್ಟರೆ ಹೊಗೆಯಷ್ಟೇ ಅಲ್ಲ, ಬ್ರೇಕ್‌ಗೂ ಕುತ್ತು!

ಚೆನ್ನೈ: ಕೋಲಾರದ ಟೊಮೆಟೊ ಹೊತ್ತು ಚೆನ್ನೈನ ಕೊಯಂಬೇಡು ಮಾರುಕಟ್ಟೆಗೆ ಬರುವ ವಾಹನಗಳಲ್ಲಿ ಹಳೇ ಡೀಸೆಲ್ ಪಿಕಪ್‌ಗಳೂ ಇವೆ. ಇಂಥ ಗಾಡಿ ಏರಿನಲ್ಲಿ ಎಳೆಯದಿದ್ದರೆ, ಕಪ್ಪು ಹೊಗೆ ಉಗುಳಿದರೆ ಮಾಲೀಕರು ಮೊದಲು ಅನುಮಾನಿಸುವುದು ಡೀಸೆಲ್ ಪಂಪ್ ಅಥವಾ ನಾಝಲ್ ಮೇಲೆ. ಆದರೆ ಎಷ್ಟೋ ಸಲ ದೋಷ ಇರುವುದು ಕಿರುಬೆರಳಿಗಿಂತ ಸಣ್ಣದಾದ ಒಂದು ರಬ್ಬರ್ ಹೋಸ್‌ನಲ್ಲಿ!

ಏನಿದು ವ್ಯಾಕ್ಯೂಮ್ ಹೋಸ್?

ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವಾಗ ತಾನಾಗಿಯೇ ನಿರ್ವಾತ ಉಂಟಾಗುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಅದು ಸಾಕಾಗುವುದಿಲ್ಲ. ಹಾಗಾಗಿ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಬೇಕು. ನಮ್ಮಲ್ಲಿನ ಹಲವು ಡೀಸೆಲ್ ವಾಹನಗಳಲ್ಲಿ ಇದು ಆಲ್ಟರ್ನೇಟರ್ ಹಿಂಬದಿಯಲ್ಲೇ ಇರುತ್ತದೆ. ಅಲ್ಲಿಂದ ದಪ್ಪನೆಯ ಹೋಸ್ ಬ್ರೇಕ್ ಬೂಸ್ಟರ್‌ಗೆ ಹೋಗುತ್ತದೆ. ಬಿಎಸ್-3, ಬಿಎಸ್-4 ಕಾಲದ ಹಲವು ಮಾದರಿಗಳಲ್ಲಿ ಸಣ್ಣ ಹೋಸ್‌ಗಳು ಸೊಲೆನಾಯ್ಡ್ ಮೂಲಕ ಇಜಿಆರ್ ವಾಲ್ವ್‌ಗೆ, ಕೆಲವುಗಳಲ್ಲಿ ಟರ್ಬೊಗೂ ಹೋಗುತ್ತವೆ.

ಅಂದರೆ ಹೊಗೆ ನಿಯಂತ್ರಣಕ್ಕೂ ಬ್ರೇಕ್‌ಗೂ ಪಂಪ್ ಒಂದೇ. ಸಣ್ಣ ಹೋಸ್‌ನಲ್ಲಿ ಗಾಳಿ ಸೋರಿದರೂ ಪಂಪ್ ಮೇಲೆ ಹೊರೆ ಬೀಳುತ್ತದೆ. ಸೋರಿಕೆ ಹೆಚ್ಚಾದರೆ ಬ್ರೇಕ್ ಪೆಡಲ್ ಗಟ್ಟಿಯಾಗಿ, ಲೋಡ್ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಎಂಜಿನ್ ಬಿಸಿ ಮತ್ತು ಚೆನ್ನೈನ ಸೆಖೆ ಸೇರಿದರೆ ರಬ್ಬರ್ ಗಡುಸಾಗಿ ತುದಿಗಳಲ್ಲಿ ಸೀಳುತ್ತದೆ.

ಎಮಿಷನ್ ಟೆಸ್ಟ್ ಪಾಸಾದರೆ ಸಾಕೇ?

ಸಾಲದು. ಇಜಿಆರ್ ವಾಲ್ವ್ ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್‌ಗೆ ಕಳುಹಿಸಿ ದಹನದ ಬಿಸಿ ತಗ್ಗಿಸುತ್ತದೆ. ಇದರಿಂದ ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗುತ್ತದೆ. ಮಸಿ ಕಟ್ಟಿ ವಾಲ್ವ್ ತೆರೆದೇ ನಿಂತರೆ ಕಪ್ಪು ಹೊಗೆ ಬರುತ್ತದೆ. ಆಗ ಕೆಲವರು ಹೋಸ್ ಕಿತ್ತು ಸ್ಕ್ರೂ ತುರುಕಿ, ವಾಲ್ವ್‌ಗೆ ತಗಡು ಹಾಕಿ ಮುಚ್ಚಿಬಿಡುತ್ತಾರೆ. ಹೊಗೆ ಕಡಿಮೆಯಾಗುತ್ತದೆ, ಆದರೆ ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡ್ ಏರುತ್ತದೆ.

ಡೀಸೆಲ್ ವಾಹನದ ಎಮಿಷನ್ ಟೆಸ್ಟ್ ಅಳೆಯುವುದು ಹೊಗೆಯ ದಟ್ಟಣೆಯನ್ನು ಮಾತ್ರ. ಬಿಎಸ್-4ಕ್ಕಿಂತ ಹಳೆಯ ವಾಹನಕ್ಕೆ 65 ಎಚ್‌ಎಸ್‌ಯು, ಬಿಎಸ್-4ಕ್ಕೆ 50 ಎಚ್‌ಎಸ್‌ಯು ಮಿತಿ ಇದೆ. ಹಾಗಾಗಿ ವಾಲ್ವ್ ಮುಚ್ಚಿದ ಗಾಡಿಯೂ ಪಾಸಾಗಬಹುದು. ಆದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರ ಮೂಲ ವಿನ್ಯಾಸ ಬದಲಿಸುವಂತಿಲ್ಲ. ವಾಯುಮಾಲಿನ್ಯ ಮಾನದಂಡ ಮೀರಿ ವಾಹನ ಓಡಿಸಿದರೆ ಸೆಕ್ಷನ್ 190(2)ರಡಿ ಮೊದಲ ಬಾರಿಗೇ 10,000 ರೂ. ವರೆಗೆ ದಂಡ, 3 ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು.

ಸರಿಪಡಿಸುವುದು ಹೇಗೆ?

* ಯಾವ ಹೋಸನ್ನೂ ಕೀಳುವ ಮೊದಲು ಮೊಬೈಲ್‌ನಲ್ಲಿ ನಾಲ್ಕು ದಿಕ್ಕಿನಿಂದ ಫೋಟೊ ತೆಗೆಯಿರಿ. ಎರಡೂ ತುದಿಗೆ ಒಂದೇ ನಂಬರ್ ಬರೆದ ಟೇಪ್ ಅಂಟಿಸಿ. ಅಮೆರಿಕದ ಹಳೇ ಪಿಕಪ್‌ಗಳ ಬಾನೆಟ್ ಕೆಳಗೆ ಹೋಸ್ ನಕ್ಷೆಯ ಸ್ಟಿಕ್ಕರ್ ಇರುತ್ತದೆ. ನಿಮ್ಮ ಗಾಡಿಯಲ್ಲಿ ಅದು ಇಲ್ಲದಿದ್ದರೆ ಆ ಮಾದರಿಯ ವರ್ಕ್‌ಶಾಪ್ ಮ್ಯಾನುಯಲ್ ನೋಡಬೇಕು.

* ಪಂಪ್‌ನಿಂದ ಶುರುಮಾಡಿ ಒಂದೊಂದೇ ಹೋಸ್ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಅದಲುಬದಲಾಗುವ ಅಪಾಯ ಹೆಚ್ಚು. ತಪ್ಪಾಗಿ ಜೋಡಿಸಿದರೆ ಇಜಿಆರ್ ಬೇಡದ ಹೊತ್ತಿನಲ್ಲಿ ತೆರೆಯಬಹುದು.

* ಚೆನ್ನೈನ ಪುದುಪೇಟೆ ಇರಲಿ, ಬೆಂಗಳೂರಿನ ಜೆಸಿ ರಸ್ತೆ ಇರಲಿ, ಅಂಗಡಿಗೆ ಹಳೇ ತುಂಡನ್ನು ಒಯ್ದು ಅದೇ ಒಳ ಅಳತೆಯ ವ್ಯಾಕ್ಯೂಮ್ ಹೋಸ್ ಕೇಳಿ. ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಬೇಡ. ಬಿಸಿಗೆ ಮೆತ್ತಗಾಗಿ ಒಳಕ್ಕೆ ಕುಸಿಯುತ್ತದೆ. ವಾಲ್ವ್, ಸೊಲೆನಾಯ್ಡ್‌ಗಳನ್ನು ಹಳೇ ಮಾಲಿನಿಂದ ತರುವುದಾದರೆ ಪಾರ್ಟ್ ನಂಬರ್ ಹೊಂದಬೇಕು.

* ಮೆಕ್ಯಾನಿಕ್ ಬಳಿ ವ್ಯಾಕ್ಯೂಮ್ ಗೇಜ್‌ನಲ್ಲಿ ಪರೀಕ್ಷಿಸಿ. ನೆನಪಿಡಿ, ಸಮುದ್ರ ಮಟ್ಟದ ಚೆನ್ನೈಗಿಂತ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡವೇ ಕಡಿಮೆ. ಅದೇ ಪಂಪ್ ಅಲ್ಲಿ ಸುಮಾರು 80 ಮಿ.ಮೀ. ಕಡಿಮೆ ತೋರಿಸಬಹುದು. ಅಷ್ಟಕ್ಕೇ ಪಂಪ್ ಬದಲಿಸಬೇಕಿಲ್ಲ.

ಮನೆ ಮುಂದೆಯೇ ಬ್ರೇಕ್ ಪರೀಕ್ಷೆ

ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್‌ಗೆ ತಂದು ಎಂಜಿನ್ ಆಫ್ ಮಾಡಿ. ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಬಾರಿ ಒತ್ತಿ. ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್‌ಗೆ ನಿರ್ವಾತ ಸಿಗುತ್ತಿದೆ ಎಂದರ್ಥ. ಇಳಿಯದಿದ್ದರೆ ಹೋಸ್, ಅದರಲ್ಲಿರುವ ಒನ್-ವೇ ವಾಲ್ವ್, ಪಂಪ್ ಅಥವಾ ಬೂಸ್ಟರ್‌ನಲ್ಲಿ ದೋಷವಿರಬಹುದು. ಅದು ಸರಿಯಾಗುವವರೆಗೆ ಲೋಡ್ ಹಾಕಬೇಡಿ.

ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಅದಕ್ಕೆ ಹೋಗುವ ಮುನ್ನ ಹೋಸ್‌ಗೆ ಸ್ಕ್ರೂ ತುರುಕುವ ಬದಲು ಹೊಸ ಹೋಸ್ ಹಾಕಿಸಿದರೆ ಗಾಡಿಗೂ ಚಾಲಕರಿಗೂ ಕ್ಷೇಮ.