ಸಾಹೇಬರು ಬೈದರೆ ನೌಕರಿ ಹೋಗುತ್ತದೆಯೇ?

ಎಸ್‌ಡಿಎ, ಎಫ್‌ಡಿಎ ಪರೀಕ್ಷೆಗೆ ಕೂರುವವರು ಸಂವಿಧಾನದ ವಿಧಿಗಳನ್ನು ಕಂಠಪಾಠ ಮಾಡಿರುತ್ತಾರೆ. ವಿಜಯನಗರದ ಅರಸರ ಪಟ್ಟಿಯನ್ನು ನಿದ್ದೆಯಲ್ಲೂ ಒಪ್ಪಿಸುತ್ತಾರೆ. ಆದರೆ ಕೆಲಸಕ್ಕೆ ಹಾಜರಾದ ಮೂರನೆಯ ವಾರ ಸೂಪರಿಂಟೆಂಡೆಂಟರು ಕಡತವನ್ನು ಮೇಜಿನ ಮೇಲೆ ಕುಕ್ಕಿ, 'ಏನ್ರೀ ಇದು, ಟಿಪ್ಪಣಿ ಬರೆಯೋ ರೀತಿನಾ?' ಎಂದಾಗ ಏನು ಮಾಡಬೇಕೆಂದು ಯಾವ ಕೋಚಿಂಗ್ ಸೆಂಟರೂ ಹೇಳಿಕೊಟ್ಟಿರುವುದಿಲ್ಲ. ಆಗ ಕೈಗೆ ಸಿಗುವುದು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಹಿರಿಯರು ಹಂಚುವ ಜ್ಞಾನ. ಅದರಲ್ಲಿ ಅನುಭವ ಉಂಟು, ನಿಜ. ಪುಕಾರುಗಳೂ ಅಷ್ಟೇ ಉಂಟು. ಸರ್ಕಾರಿ ಕಚೇರಿಯನ್ನು ಮುಂದಿಟ್ಟುಕೊಂಡು, ನಡುನಡುವೆ ಖಾಸಗಿ ಕಂಪನಿಯ ಕಡೆಗೂ ಕಣ್ಣು ಹಾಯಿಸುತ್ತಾ, ಅಂಥ ಕೆಲವು ನಂಬಿಕೆಗಳನ್ನು ಪರೀಕ್ಷಿಸೋಣ.

ಕಲ್ಪನೆ: ಬರೆದದ್ದನ್ನೆಲ್ಲ ತಿದ್ದುತ್ತಾರೆ ಎಂದರೆ ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ

ಕಡತ ಎಂಬ ವ್ಯವಸ್ಥೆ ಇರುವುದೇ ತಿದ್ದಿಸಿಕೊಳ್ಳುವುದಕ್ಕೆ. ವಿಷಯ ನಿರ್ವಾಹಕರು ಟಿಪ್ಪಣಿ ಬರೆದು ಸೂಪರಿಂಟೆಂಡೆಂಟರಿಗೋ ಶಾಖಾಧಿಕಾರಿಗೋ ಮಂಡಿಸುತ್ತಾರೆ. ಅಲ್ಲಿಂದ ಅದು ಮೇಲಕ್ಕೆ ಹೋಗುತ್ತದೆ. ಪ್ರತಿ ಹಂತದಲ್ಲೂ ಒಬ್ಬರು ಓದಿ, ಒಪ್ಪಬೇಕು, ಇಲ್ಲವೇ ತಮ್ಮ ಅಭಿಪ್ರಾಯ ಬರೆಯಬೇಕು. ನಿಮ್ಮ ಟಿಪ್ಪಣಿಯ ಮೇಲೆ ಗೆರೆ ಎಳೆದ ಸೂಪರಿಂಟೆಂಡೆಂಟರ ಕಡತವೂ ಮೇಲಿನವರಿಂದ 'ಚರ್ಚಿಸಿ' ಎಂಬ ಒಂದೇ ಪದ ಹೊತ್ತು ವಾಪಸು ಬರುವುದುಂಟು. ಹೊಸಬರಿಗೆ ಅದು ಕಾಣುವುದಿಲ್ಲ, ಅಷ್ಟೆ. ಇ-ಆಫೀಸ್ ತಂತ್ರಾಂಶದಲ್ಲಂತೂ ಈ ಏರ್ಪಾಡು ಬಣ್ಣದಲ್ಲೇ ಇದೆ. ಹಳದಿ ಟಿಪ್ಪಣಿ ಎಂದರೆ ಕರಡು, ಎಷ್ಟು ಬೇಕಾದರೂ ಬದಲಿಸಬಹುದು. ಹಸಿರು ಟಿಪ್ಪಣಿಯಾಗಿ ಮುಂದಕ್ಕೆ ಹೋದ ಮೇಲೆ ಅದನ್ನು ಅಳಿಸಲಾಗದು. ಟಿಪ್ಪಣಿ ಹಳದಿಯಲ್ಲಿ ಇರುವಾಗಲೇ ಹೊಸಬರು 'ಸಾರ್, ಒಂದ್ಸಲ ನೋಡ್ತೀರಾ?' ಎಂದು ಕೇಳಿದರೆ ಬೈಗುಳದ ಅರ್ಧ ಭಾಗ ಅಲ್ಲೇ ಕಳೆಯುತ್ತದೆ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೋಡ್ ರಿವ್ಯೂ ಎನ್ನುವುದೂ ಇದೇ ಬಗೆಯದು. ಹದಿನೈದು ವರ್ಷ ಅನುಭವ ಇರುವವರ ಕೋಡಿಗೂ ಬೇರೆಯವರು ಟೀಕೆ ಬರೆಯುತ್ತಾರೆ. ಐಬಿಎಂನ ಮೈಕೇಲ್ ಫೇಗನ್ 1976ರಲ್ಲಿ ಈ ಪರಿಶೀಲನೆಗೆ ಕ್ರಮಬದ್ಧ ರೂಪ ಕೊಟ್ಟಾಗಲೇ ಒಂದು ಷರತ್ತನ್ನು ಗಟ್ಟಿಯಾಗಿ ಹೇಳಿದ್ದರು: ಇಲ್ಲಿ ಸಿಕ್ಕ ತಪ್ಪುಗಳನ್ನು ನೌಕರನ ಸಾಧನೆ ಅಳೆಯಲು ಬಳಸಕೂಡದು. ಆ ಷರತ್ತನ್ನು ಎಷ್ಟು ಮ್ಯಾನೇಜರುಗಳು ನೆನಪಿಟ್ಟಿದ್ದಾರೆ ಎಂಬುದು ಬೇರೆ ಮಾತು.

ಕಲ್ಪನೆ: ಪ್ರೊಬೇಷನ್‌ನಲ್ಲಿ ಸಾಹೇಬರ ಮನಸ್ಸು ಕೆಟ್ಟರೆ ಮನೆಗೆ ಕಳಿಸುತ್ತಾರೆ

ರಾಜ್ಯ ಸರ್ಕಾರಿ ನೌಕರರ ಖಾಯಂಪೂರ್ವ ಸೇವಾವಧಿಗೆ 1977ರ ನಿಯಮಗಳಿವೆ. ಅವಧಿ 2 ವರ್ಷಕ್ಕೆ ಕಡಿಮೆ ಇರುವಂತಿಲ್ಲ. ಕೆಲಸ ತೃಪ್ತಿಕರವಲ್ಲ ಎನಿಸಿದರೆ, ಕಾರಣವನ್ನು ಬರಹದಲ್ಲಿ ದಾಖಲಿಸಿ, ಅದರ ಅರ್ಧದಷ್ಟು ಅವಧಿಯವರೆಗೆ ವಿಸ್ತರಿಸಲು ಅವಕಾಶವಿದೆ. ಕೆಲಸದಿಂದ ಬಿಡುಗಡೆ ಮಾಡುವ ಅಧಿಕಾರವೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆ ಅಧಿಕಾರ ಇರುವುದು ನೇಮಕಾತಿ ಪ್ರಾಧಿಕಾರದ ಕೈಯಲ್ಲಿ. ನಿಮ್ಮ ಪಕ್ಕದ ಕೋಣೆಯ ಸೂಪರಿಂಟೆಂಡೆಂಟರ ಬೆಳಗಿನ ಸಿಟ್ಟಿನ ಕೈಯಲ್ಲಿ ಇಲ್ಲ.

ಸುಪ್ರೀಂ ಕೋರ್ಟು 1974ರಲ್ಲಿ ಶಂಶೇರ್ ಸಿಂಗ್ ಪ್ರಕರಣದಲ್ಲಿ ಇದಕ್ಕೆ ಇನ್ನೊಂದು ಬೇಲಿ ಹಾಕಿತು. ಪಂಜಾಬಿನಲ್ಲಿ ಪ್ರೊಬೇಷನ್‌ನಲ್ಲಿದ್ದ ನ್ಯಾಯಾಂಗ ಅಧಿಕಾರಿಗಳನ್ನು ಸೇವೆಯಿಂದ ತೆಗೆದುಹಾಕಲಾಗಿತ್ತು. ಏಳು ನ್ಯಾಯಮೂರ್ತಿಗಳ ಪೀಠ ಆ ಆದೇಶಗಳನ್ನು ರದ್ದುಪಡಿಸಿತು. ಆದೇಶದ ಪದಗಳು ಎಷ್ಟೇ ಸಾಧುವಾಗಿರಲಿ, ಒಳಗಿನ ನಿಜವಾದ ಕಾರಣ ದುರ್ನಡತೆಯ ಆರೋಪವಾಗಿದ್ದರೆ, ವಿಚಾರಣೆ ನಡೆಸದೆ ಪ್ರೊಬೇಷನರನ್ನೂ ತೆಗೆಯುವಂತಿಲ್ಲ ಎಂಬುದು ಅದರ ತಿರುಳು. ಖಾಸಗಿ ಕಂಪನಿಯಲ್ಲಿ ಇಷ್ಟು ರಕ್ಷಣೆ ಸಿಗದು. ಅಲ್ಲಿ ನೇಮಕಾತಿ ಪತ್ರದಲ್ಲಿರುವ ಪ್ರೊಬೇಷನ್ ಮತ್ತು ನೋಟಿಸ್ ಅವಧಿಯ ಷರತ್ತುಗಳನ್ನು ಸಹಿ ಹಾಕುವ ಮೊದಲೇ ಓದಿಕೊಳ್ಳಬೇಕು.

ಕಲ್ಪನೆ: ಮೆಮೊ ಬಂತೆಂದರೆ ಸರ್ವಿಸ್ ರಿಜಿಸ್ಟರಿಗೆ ಕಪ್ಪುಚುಕ್ಕೆ

ಇದಕ್ಕೆ ಹೆದರಿ ಊಟ ಬಿಟ್ಟವರಿದ್ದಾರೆ. ಮೆಮೊ ಎಂದರೆ ಪ್ರಶ್ನೆ, ಅದು ಶಿಕ್ಷೆಯಲ್ಲ. ಶಿಕ್ಷೆಗಳ ಪಟ್ಟಿ ಕರ್ನಾಟಕ ನಾಗರಿಕ ಸೇವಾ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳು, 1957ರಲ್ಲಿ ಇದೆ. ವಾಗ್ದಂಡನೆ, ವೇತನ ಬಡ್ತಿ ತಡೆಹಿಡಿಯುವುದು, ಮೇಲಕ್ಕೆ ಹೋದಂತೆ ವಜಾ. ಇವುಗಳಲ್ಲಿ ಹಗುರವಾದ ವಾಗ್ದಂಡನೆಯನ್ನು ವಿಧಿಸುವುದಕ್ಕೂ ಮುಂಚೆ ಆರೋಪವನ್ನು ಬರಹದಲ್ಲಿ ತಿಳಿಸಿ, ನೌಕರನ ಮಾತು ಕೇಳಬೇಕು. ಹೀಗಾಗಿ ಮೆಮೊ ಎನ್ನುವುದು ನಿಮ್ಮ ಮಾತನ್ನು ದಾಖಲೆಗೆ ಸೇರಿಸುವ ಬಾಗಿಲೂ ಹೌದು.

ತೊಂದರೆ ಬರುವುದು ಉತ್ತರ ಕೊಡದೆ ಕೂತಾಗ. ಮೆಮೊದ ಕೊನೆಯ ಸಾಲನ್ನು ಓದಿ ನೋಡಿ. 'ಇಷ್ಟು ದಿನಗಳೊಳಗೆ ಲಿಖಿತ ವಿವರಣೆ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ನಿಮ್ಮ ವಿವರಣೆ ಏನೂ ಇಲ್ಲವೆಂದು ಭಾವಿಸಲಾಗುವುದು' ಎಂದಿರುತ್ತದೆ. ಆ ಗಡುವೇ ಮುಖ್ಯ. ಉತ್ತರವೂ ಉದ್ದವಿರಬೇಕಿಲ್ಲ. 'ನಾನು ಪ್ರಾಮಾಣಿಕವಾಗಿ ದುಡಿಯುತ್ತಿದ್ದು, ನನ್ನ ಮೇಲೆ ದ್ವೇಷ ಸಾಧಿಸಲಾಗುತ್ತಿದೆ' ಎಂದು ಎರಡು ಪುಟ ಬರೆದರೆ ಕೇಳಿದ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. 'ಸದರಿ ಅರ್ಜಿ ನನ್ನ ಮೇಜಿಗೆ ಬಂದದ್ದು ಸೋಮವಾರ. ಸರ್ವೆ ನಕಾಶೆ ಲಗತ್ತಾಗಿರಲಿಲ್ಲ. ಅದನ್ನು ಕೋರಿ ಅದೇ ದಿನ ಪತ್ರ ಹೊರಡಿಸಿದ್ದು, ಪ್ರತಿ ಲಗತ್ತಿಸಿದೆ. ಆದರೆ ಅರ್ಜಿದಾರರಿಗೆ ಹಿಂಬರಹ ಕೊಡುವುದು ಬಿಟ್ಟುಹೋಗಿದ್ದು, ಇಂದು ನೀಡಲಾಗಿದೆ' ಎಂದರೆ ಮುಗಿಯಿತು. ಆದದ್ದು, ಆಗದ್ದು, ಸರಿಪಡಿಸಿದ್ದು ಮೂರೂ ಅದರಲ್ಲಿವೆ. ಸಲ್ಲಿಸುವಾಗ ಒಂದು ಪ್ರತಿಗೆ ಮೊಹರು, ಸಹಿ ಹಾಕಿಸಿ ಮನೆಯಲ್ಲಿಟ್ಟುಕೊಳ್ಳಿ.

ಕಲ್ಪನೆ: ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ

ಗಾದೆಯ ಇನ್ನೊಂದು ತುದಿ ಎಲ್ಲರಿಗೂ ಗೊತ್ತು, ನಗುತ್ತಾ ಹೇಳುವವರು ಕೆಡಲಿಕ್ಕೆ ಹೇಳುತ್ತಾರಂತೆ. ಮನೆಯ ಹಿರಿಯರಿಗೆ ಒಪ್ಪಬಹುದಾದ ಈ ಮಾತನ್ನು ಕಚೇರಿಯಲ್ಲಿ ಎಷ್ಟೋ ಮೇಲಧಿಕಾರಿಗಳು ತಮ್ಮ ಬಾಯಿಗೆ ಪರವಾನಗಿ ಮಾಡಿಕೊಂಡಿದ್ದಾರೆ. 'ನಾವೂ ಹಂಗೇ ಬೈಸ್ಕೊಂಡು ಕಲಿತೋರು' ಎನ್ನುವುದು ಅದರ ಅನುಬಂಧ.

ಇದನ್ನು ಅಳೆದು ನೋಡಿದವರಿದ್ದಾರೆ. ಅವ್ರಹಾಮ್ ಕ್ಲೂಗರ್ ಮತ್ತು ಏಂಜೆಲೊ ಡಿನೀಸಿ ಎಂಬ ಇಬ್ಬರು ಮನೋವಿಜ್ಞಾನಿಗಳು, ಕೆಲಸ ಹೇಗಾಯಿತೆಂದು ತಿಳಿಸುವುದರಿಂದ ಏನಾಗುತ್ತದೆ ಎಂಬ ಬಗ್ಗೆ ಅಲ್ಲಿಯವರೆಗೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 1996ರಲ್ಲಿ ಪ್ರಕಟಿಸಿದರು. ಒಟ್ಟು 607 ಅಳತೆಗಳು ಅವರ ಮುಂದಿದ್ದವು. ಸರಾಸರಿಯಲ್ಲಿ ಕೆಲಸ ಸುಧಾರಿಸಿತ್ತು. ಆದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಮೊದಲಿಗಿಂತ ಕೆಟ್ಟಿತ್ತು! ಏಕೆ ಎಂಬುದಕ್ಕೆ ಅವರು ಕೊಟ್ಟ ವಿವರಣೆ ಇಷ್ಟು: ಮಾತು ಮಾಡಿದ ಕೆಲಸದ ಮೇಲೆ ನಿಂತಾಗ ಗಮನ ಕೆಲಸಕ್ಕೆ ಹೋಗುತ್ತದೆ. ಮಾತು ಮನುಷ್ಯನ ಮೇಲೆ ಹೊರಳಿದಾಗ ಅವನ ಗಮನವೆಲ್ಲ ತನ್ನ ಮಾನ ಉಳಿಸಿಕೊಳ್ಳುವ ಕಡೆಗೆ ಓಡುತ್ತದೆ, ಕೆಲಸ ಹಿಂದೆ ಬೀಳುತ್ತದೆ. ಹೊಗಳಿಕೆಗೂ ಇದೇ ಮಾತು ಅನ್ವಯ. 'ನೀನು ಭಾರಿ ಬುದ್ಧಿವಂತ' ಎಂಬ ಪ್ರಶಂಸೆಯಿಂದ ಮುಂದಿನ ಟಿಪ್ಪಣಿ ಉತ್ತಮವಾಗುವುದಿಲ್ಲ.

ಹೊಸ ನೌಕರನಿಗೆ ಇದರಿಂದ ಒಂದು ಉಪಯೋಗವಿದೆ. ಬೈಗುಳ ಕೇಳಿಸಿಕೊಂಡ ಮೇಲೆ ಅದನ್ನು ಎರಡಾಗಿ ಸೀಳಬಹುದು. 'ನಿಮಗೆ ತಲೆ ಇದೆಯೇನ್ರೀ, ಸರ್ಕಾರಿ ಸುತ್ತೋಲೆ ನೋಡದೆ ಹಳೇ ದರ ಹಾಕಿದೀರಲ್ಲ?' ಎಂಬ ಮಾತಿನಲ್ಲಿ ಕೆಲಸಕ್ಕೆ ಬರುವುದು ದ್ವಿತೀಯಾರ್ಧ ಮಾತ್ರ. ಸುತ್ತೋಲೆ ಹುಡುಕಿ, ದರ ತಿದ್ದಿ. ಪ್ರಥಮಾರ್ಧ ಆ ಮನುಷ್ಯರ ರಕ್ತದೊತ್ತಡದ ವಿಷಯ. ಹೇಳುವುದು ಸುಲಭ, ಆ ಹೊತ್ತಿನಲ್ಲಿ ಕಿವಿಗೆ ತಲೆಯ ಮಾತೇ ಬೀಳುತ್ತದೆ ಎನ್ನುತ್ತೀರಾ? ಹೌದು. ಅದಕ್ಕೇ ಕುರ್ಚಿಗೆ ಮರಳಿದ ಕೂಡಲೇ ದ್ವಿತೀಯಾರ್ಧವನ್ನು ಡೈರಿಯಲ್ಲಿ ಬರೆದುಕೊಳ್ಳಬೇಕು. ಸಂಜೆಯ ಹೊತ್ತಿಗೆ ಅದು ಮರೆತು ಪ್ರಥಮಾರ್ಧ ಮಾತ್ರ ಉಳಿದಿರುತ್ತದೆ.

ಕಲ್ಪನೆ: 'ಆಯ್ತು ಸಾರ್' ಎಂದು ತಲೆಯಾಡಿಸಿದರೆ ವಿನಯ, ಪ್ರಶ್ನೆ ಕೇಳಿದರೆ ಅಹಂಕಾರ

ಹೊಸಬರನ್ನು ಅತಿ ಹೆಚ್ಚು ಕೆಡಿಸುವ ನಂಬಿಕೆ ಇದೇ ಇರಬೇಕು. ಕಡತ 'ಪರಿಶೀಲಿಸಿ ಮಂಡಿಸಿ' ಎಂದು ಬರೆಸಿಕೊಂಡು ವಾಪಸು ಬಂದಿದೆ ಎನ್ನಿ. ಏನನ್ನು ಪರಿಶೀಲಿಸಬೇಕು? ನಿಯಮವನ್ನೋ, ಲೆಕ್ಕವನ್ನೋ, ಹಿಂದಿನ ಆದೇಶವನ್ನೋ? ಕೇಳಲು ಹೆದರಿ, ಎರಡು ಪದ ಬದಲಿಸಿ ಮತ್ತೆ ಮಂಡಿಸುತ್ತಾರೆ. ಮತ್ತೆ ವಾಪಸು. ಮೂರನೆಯ ಸಲ ಬರುವ ಬೈಗುಳಕ್ಕೆ ಮೊದಲಿನ ತಪ್ಪಿಗಿಂತ ಈ ಮೌನವೇ ಕಾರಣ. ಸಿಟ್ಟು ಇಳಿದ ಮೇಲೆ, ಮಧ್ಯಾಹ್ನ ಊಟವಾದ ನಂತರ, ಕಡತ ಹಿಡಿದು ಹೋಗಿ, 'ಮೇಡಂ, ಮೂರನೇ ಪ್ಯಾರಾದಲ್ಲಿ ನಿಯಮ ತಪ್ಪು ಹಾಕಿದೀನಾ, ಇಲ್ಲ ಲೆಕ್ಕದಲ್ಲಿ ಎಡವಿದೀನಾ?' ಎಂದು ಕೇಳಿ. 'ಏನು ತಪ್ಪಾಗಿದೆ?' ಎಂಬ ಅಗಲವಾದ ಪ್ರಶ್ನೆಗೆ 'ಎಲ್ಲಾ ತಪ್ಪು' ಎಂಬ ಉತ್ತರ ಸಿಗುವ ಅಪಾಯವಿದೆ. ಜೊತೆಗೆ, ಇಂಥದ್ದೇ ವಿಷಯದ ಹಳೆಯ ಕಡತವೊಂದನ್ನು ನೋಡಲು ಕೇಳಿ. ಪೂರ್ವನಿದರ್ಶನ ತೋರಿಸಿದರೆ ಇಷ್ಟಪಡದ ಮೇಲಧಿಕಾರಿ ವಿರಳ.

ಕಲ್ಪನೆ: ಇಡೀ ಕಚೇರಿ ನನ್ನ ಬಗ್ಗೆಯೇ ಮಾತಾಡಿಕೊಳ್ಳುತ್ತಿದೆ

ಇಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳಿಗೆ ಮುಜುಗರ ತರುವ ಟೀ ಶರ್ಟ್ ಹಾಕಿಸಿ ಒಂದು ಕೋಣೆಗೆ ಕಳಿಸಿದರು. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದಾಜು ಮಾಡಿದ್ದರು. ನಿಜಕ್ಕೂ ಗಮನಿಸಿದ್ದು ಕಾಲು ಭಾಗದಷ್ಟು ಜನ. ಉಳಿದವರಿಗೆ ಅವರವರ ಚಿಂತೆ.

ಕಲ್ಪನೆ: ತಪ್ಪು ಗೊತ್ತಾಗದಂತೆ ನೋಡಿಕೊಂಡರೆ ಒಳ್ಳೆಯ ಹೆಸರು

ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳಲ್ಲಿ ನರ್ಸಿಂಗ್ ತಂಡಗಳನ್ನು ಅಧ್ಯಯನ ಮಾಡಿದರು. ಔಷಧಿ ಕೊಡುವಾಗಿನ ತಪ್ಪುಗಳು ಒಳ್ಳೆಯ ತಂಡಗಳಲ್ಲಿ ಕಡಿಮೆ ಇರುತ್ತವೆ ಎಂದುಕೊಂಡಿದ್ದವರಿಗೆ ಸಿಕ್ಕ ಲೆಕ್ಕ ಉಲ್ಟಾ ಇತ್ತು, ಅಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. 1996ರಲ್ಲಿ ಪ್ರಕಟವಾದ ಆ ಅಧ್ಯಯನದ ತೀರ್ಮಾನವೆಂದರೆ, ಒಳ್ಳೆಯ ಮುಖ್ಯಸ್ಥರಿರುವ ಕಡೆ ಜನ ತಪ್ಪನ್ನು ಬಾಯಿಬಿಟ್ಟು ಹೇಳುತ್ತಾರೆ, ಹೆದರಿಸುವ ಕಡೆ ಮುಚ್ಚಿಡುತ್ತಾರೆ. ನಮ್ಮ ಕಚೇರಿಗಳಲ್ಲಿ ಮುಚ್ಚಿಟ್ಟದ್ದು ಆಡಿಟ್ ಬಂದಾಗ ಹೊರಬೀಳುತ್ತದೆ. ತಪ್ಪಾದ ಕೂಡಲೇ ನೀವಾಗಿಯೇ ಹೇಳಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿದ್ದುದು ಆಗ ವಸೂಲಾತಿಯ ತನಕ ಹೋಗಬಹುದು.

ಕಲ್ಪನೆ: ಗೋಪ್ಯ ವರದಿಯಲ್ಲಿ ಏನು ಬರೆದರೂ ನಮಗೆ ತಿಳಿಯುವುದಿಲ್ಲ

ಒಂದು ಕಾಲಕ್ಕೆ ಇದು ನಿಜವಾಗಿತ್ತು. ಗಡಿ ರಸ್ತೆಗಳ ಇಲಾಖೆಯ ಎಂಜಿನಿಯರ್ ದೇವ್ ದತ್ ಅವರಿಗೆ ಒಂದು ವರ್ಷ 'ಉತ್ತಮ' ಎಂಬ ದರ್ಜೆ ಸಿಕ್ಕಿತ್ತು. ಬೈಗುಳವಲ್ಲ ನೋಡಿ, ಒಳ್ಳೆಯ ಮಾತೇ. ಆದರೆ ಬಡ್ತಿಗೆ 'ಅತ್ಯುತ್ತಮ' ಬೇಕಿತ್ತು, ಈ ದರ್ಜೆಯನ್ನು ಅವರಿಗೆ ತಿಳಿಸಿಯೇ ಇರಲಿಲ್ಲ. ಸುಪ್ರೀಂ ಕೋರ್ಟು 2008ರಲ್ಲಿ, ಪ್ರತಿಕೂಲ ಮಾತಷ್ಟೇ ಅಲ್ಲ, ವರದಿಯ ಪ್ರತಿ ನಮೂದನ್ನೂ ನೌಕರನಿಗೆ ತಿಳಿಸಬೇಕು ಎಂದಿತು. 2013ರಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಕೇಂದ್ರ ಸರ್ಕಾರ 2008-09ರ ವರದಿಯಿಂದಲೇ ಪೂರ್ತಿ ಪ್ರತಿ ಕೊಡುವ ಏರ್ಪಾಡು ಮಾಡಿತು. ಅಲ್ಲಿನ ನೌಕರರಿಗೆ ಆಕ್ಷೇಪಣೆ ಸಲ್ಲಿಸಲು 15 ದಿನ ಸಮಯವಿದೆ. ವರ್ಷವಿಡೀ ಡೈರಿ ಬರೆದವರಿಗೆ ಆ ಹದಿನೈದು ದಿನ ಸಾಕಾಗುತ್ತದೆ.

ಕಲ್ಪನೆ: ಮೇಲಧಿಕಾರಿ ಏನಂದರೂ ನುಂಗಿಕೊಳ್ಳಬೇಕು

ಕೆಲಸದ ಬಗ್ಗೆ ಒರಟಾಗಿ ಹೇಳಿದ್ದನ್ನು ತಾಳಿಕೊಳ್ಳಬಹುದು. ಜಾತಿ ಎತ್ತಿ ಆಡಿದ್ದನ್ನು, ಹೆಣ್ಣೆಂದು ಕೀಳಾಗಿ ಕಂಡದ್ದನ್ನು ಟೀಕೆ ಎಂಬ ಹೆಸರಿನಲ್ಲಿ ಸಹಿಸಬೇಕಿಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾತಿಯ ಹೆಸರು ಹಿಡಿದು ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ, ಅದು ಕಚೇರಿಯೇ ಆಗಿದ್ದರೂ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಿದೆ. 10 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಸಮಿತಿ ಇಲ್ಲದ ಅಥವಾ ಅಷ್ಟು ಜನರಿಲ್ಲದ ಕಡೆಯವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ಪ್ರೊಬೇಷನ್‌ನಲ್ಲಿದ್ದೀರಿ, ದಿನಗೂಲಿಯಲ್ಲಿದ್ದೀರಿ, ತರಬೇತಿಯಲ್ಲಿದ್ದೀರಿ ಎಂಬ ಕಾರಣಕ್ಕೆ ಈ ಹಕ್ಕು ತಪ್ಪುವುದಿಲ್ಲ. ಖಾಯಂ ಆಗಲಿ, ಆಮೇಲೆ ನೋಡೋಣ ಎಂದು ಕಾಯಬೇಡಿ. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಸಮಿತಿ ಇನ್ನು 3 ತಿಂಗಳು ವಿಸ್ತರಿಸಬಹುದು.